ಹೊಸ ನೆಲದ ಬಿರುಕು: ಹೆದರುವ ಮುನ್ನ ಓದೋಣ



ನಿಮ್ಮ ಮನೆಯಲ್ಲಿ ಹೊಸದಾಗಿ ನೆಲಕ್ಕೆ ಕಾಂಕ್ರೀಟ್ ಹಾಕಿಸಿದ್ದಾರೆ ಎಂದಿಟ್ಟುಕೊಳ್ಳಿ. ಅಪ್ಪ ಸಂಘದಲ್ಲಿ ಸಾಲ ತೆಗೆದಿದ್ದಾರೆ. ಅಮ್ಮ ಹತ್ತು ಜನ ಆಳುಗಳಿಗೆ ಕಾಫಿ, ಊಟ ಮಾಡಿ ಹಾಕಿದ್ದಾರೆ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಕನ್ನಡಿಯಂತಿದ್ದ ನೆಲದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳೆದಂತೆ ಒಂದು ಬಿರುಕು! "ಮೇಸ್ತ್ರಿ ಸಿಮೆಂಟ್ ಉಳಿಸಿದ್ದಾನೆ" ಎನ್ನುತ್ತಾರೆ ಅಪ್ಪ. "ನೀವು ಸರಿಯಾಗಿ ನೀರು ಹಾಕಲಿಲ್ಲ ಸ್ವಾಮಿ" ಎನ್ನುತ್ತಾನೆ ಮೇಸ್ತ್ರಿ. "ಯಾರದೋ ಕಣ್ಣು ಬಿತ್ತು" ಎನ್ನುತ್ತಾರೆ ಅಜ್ಜಿ. ಕೊನೆಗೆ ಮೇಸ್ತ್ರಿಯ ಬಾಕಿ ಕೂಲಿ ನಿಲ್ಲುತ್ತದೆ, ಮಾತು ಬೆಳೆಯುತ್ತದೆ, ಬಿರುಕು ಹಾಗೆಯೇ ಇರುತ್ತದೆ.

ಈ ಮೂವರಲ್ಲಿ ಯಾರ ಮಾತು ನಿಜ? ಅದನ್ನು ಹೇಳಬಲ್ಲ ಸಾಕ್ಷಿ ಆ ನೆಲದ ಮೇಲೆಯೇ ಇದೆ. ಬಿರುಕು ಯಾವಾಗ ಹುಟ್ಟಿತು, ಯಾವ ಆಕಾರದಲ್ಲಿದೆ, ಇನ್ನೂ ಬೆಳೆಯುತ್ತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಕಾರಣ ತಿಳಿದ ಮೇಲೆಯೇ ಮದ್ದು. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಸಾಕ್ಷಿಯನ್ನು ಓದುವುದು ಹೇಗೆಂದು ನೋಡೋಣ.

ಹಗೇವಿನಿಂದ ನೆಲಮಾಳಿಗೆಗೆ

ನೆಲದ ಕೆಳಗೆ ಕೋಣೆ ಮಾಡುವುದು ನಮ್ಮ ಬಯಲುಸೀಮೆಗೆ ಹೊಸದಲ್ಲ. ರಾಗಿಯನ್ನು ತುಂಬಿಡುತ್ತಿದ್ದ ಹಗೇವಿನ ಬಗ್ಗೆ ನಿಮ್ಮ ಅಜ್ಜ ಹೇಳಿರಬಹುದು. ಹಗೇವು ತೋಡುವವರು ಮೊದಲು ನೋಡುತ್ತಿದ್ದುದು ಮಣ್ಣನ್ನು. ಗಟ್ಟಿಯಾದ, ಒಣಗಿದ, ಮಳೆಯ ನೀರು ನಿಲ್ಲದ ಎತ್ತರದ ಜಾಗ ಬೇಕು. ನೀರು ಸೋರಿದರೆ ವರ್ಷದ ಕೂಳು ಕೊಳೆತಂತೆಯೇ.

ಇಂದು ಬಿ.ಎಚ್. ರಸ್ತೆಯ ಬದಿಯ ಪೇಟೆಗಳಲ್ಲಿ ನಿವೇಶನ ದುಬಾರಿಯಾಗಿ, ಅಂಗಡಿಯ ಕೆಳಗೆ ಸರಕಿಗೆಂದು, ವಾಹನಕ್ಕೆಂದು ನೆಲಮಾಳಿಗೆ ಕಟ್ಟುವುದುಂಟು. ಇಲ್ಲೊಂದು ಮಾತು. ನಮ್ಮ ಮೇಸ್ತ್ರಿಗಳು ‘ಬೇಸ್‌ಮೆಂಟ್’ ಎಂದಾಗ ಅನೇಕ ವೇಳೆ ನೆಲಮಾಳಿಗೆಯನ್ನು ಹೇಳುತ್ತಿರುವುದಿಲ್ಲ. ತಳಪಾಯದ ಮೇಲೆ, ಮನೆಯ ನೆಲದ ಮಟ್ಟದವರೆಗೆ ಏರಿಸಿ ಮಣ್ಣು ತುಂಬಿದ ಭಾಗಕ್ಕೆ ಅವರಲ್ಲಿ ಆ ಹೆಸರು. ಒಂದು ತೋಡಿದ ನೆಲ, ಇನ್ನೊಂದು ತುಂಬಿದ ನೆಲ. ತೋಡಿದ ಕಡೆ ನೀರಿನ ಭಯ, ತುಂಬಿದ ಕಡೆ ಕುಸಿತದ ಭಯ. ಎರಡರ ಮೇಲೂ ಹಾಸುವುದು ಮಾತ್ರ ಒಂದೇ ಬಗೆಯ ಕಾಂಕ್ರೀಟ್.

ಕಾಂಕ್ರೀಟ್ ಏಕೆ ಬಿರಿಯುತ್ತದೆ?

ಕಾಂಕ್ರೀಟ್ ಎಂದರೆ ಜಲ್ಲಿ, ಮರಳು, ಸಿಮೆಂಟ್ ಮತ್ತು ನೀರು. ಅದು ‘ಒಣಗಿ’ ಗಟ್ಟಿಯಾಗುತ್ತದೆ ಎಂದು ಹಲವರ ನಂಬಿಕೆ. ಹಾಗಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಈ ಕ್ರಿಯೆಗೆ ಬೇಕಾಗುವ ನೀರು ಸಿಮೆಂಟಿನ ತೂಕದ ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಅಂದರೆ 50 ಕಿಲೋ ಚೀಲಕ್ಕೆ 12ರಿಂದ 13 ಲೀಟರ್. ಆದರೆ ಅಷ್ಟೇ ನೀರಿನಲ್ಲಿ ಕಲಸಿದರೆ ಕಾಂಕ್ರೀಟ್ ಬಾಂಡ್ಲಿಯಿಂದ ಇಳಿಯುವುದೇ ಇಲ್ಲ. ಆದ್ದರಿಂದ ಸಾಮಾನ್ಯವಾಗಿ 25 ಲೀಟರಿನ ಆಸುಪಾಸು ಹಾಕುತ್ತಾರೆ. ಹರಡಲು ಸುಲಭವಾಗಲಿ ಎಂದು ಇನ್ನೂ ಎರಡು ಕೊಡ ಸುರಿದರೆ? ಆ ಹೆಚ್ಚಿನ ನೀರು ಮುಂದೆ ಆವಿಯಾಗಿ ಹೋಗಲೇಬೇಕು. ಹೋದಾಗ ಕಾಂಕ್ರೀಟ್ ಕುಗ್ಗುತ್ತದೆ.

ಎಷ್ಟು ಕುಗ್ಗುತ್ತದೆ? ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಸಂಹಿತೆಯಾದ ಐಎಸ್ 456ರ 2000ದ ಆವೃತ್ತಿ, ಬೇರೆ ಮಾಹಿತಿ ಇಲ್ಲದಾಗ ಕುಗ್ಗುವಿಕೆಯನ್ನು 0.0003 ಎಂದು ಹಿಡಿಯಬಹುದು ಎನ್ನುತ್ತದೆ. ಹತ್ತು ಮೀಟರ್ ಉದ್ದದ ನೆಲಕ್ಕೆ ಇದು 3 ಮಿಲಿಮೀಟರ್. ನೆಲ ಅಡೆತಡೆಯಿಲ್ಲದೆ ಸರಿಯುವಂತಿದ್ದರೆ ಅಂಚಿನಲ್ಲಿ 3 ಮಿಲಿಮೀಟರ್ ಸಂದು ಬಿಟ್ಟು ಸುಮ್ಮನಾಗುತ್ತಿತ್ತು. ಆದರೆ ಕೆಳಗೆ ಮಣ್ಣಿನ ಘರ್ಷಣೆ, ಸುತ್ತ ಗೋಡೆ, ನಡುವೆ ಕಂಬಗಳು ಅದನ್ನು ಹಿಡಿದಿರುತ್ತವೆ. ಕುಗ್ಗಬೇಕು, ಆದರೆ ಕುಗ್ಗಲು ಬಿಡುತ್ತಿಲ್ಲ. ಆಗ ಒಳಗೆ ಎಳೆತ ಹುಟ್ಟುತ್ತದೆ.

ಪಿಯುಸಿಯಲ್ಲಿ ಭೌತಶಾಸ್ತ್ರ ಓದುವವರು ಲೆಕ್ಕ ಹಾಕಿ ನೋಡಿ. ಸಾಧಾರಣ ಎಂ20 ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ ಚದರ ಮಿಲಿಮೀಟರಿಗೆ ಸುಮಾರು 22,000 ನ್ಯೂಟನ್. ಅದನ್ನು 0.0003ರಿಂದ ಗುಣಿಸಿದರೆ 6.6 ನ್ಯೂಟನ್ ಬರುತ್ತದೆ. ಒತ್ತಿದರೆ 20 ನ್ಯೂಟನ್ ತಡೆಯುವ ಈ ಕಾಂಕ್ರೀಟ್, ಎಳೆದರೆ ತಡೆಯುವುದು 2ರಿಂದ 3 ನ್ಯೂಟನ್ ಮಾತ್ರ. ಕುಗ್ಗುವಿಕೆ ನಿಧಾನವಾಗಿ ನಡೆಯುವುದರಿಂದ ಎಳೆತ ಸ್ವಲ್ಪ ಸಡಿಲುತ್ತದೆ, ನಿಜ. ಆದರೂ ಪೂರ್ತಿ ಹಿಡಿದಿಟ್ಟ ದೊಡ್ಡ ನೆಲ ಎಲ್ಲೋ ಒಂದು ಕಡೆ ಬಿರಿಯಲೇಬೇಕು ಎಂಬುದು ಲೆಕ್ಕದಿಂದಲೇ ಗೊತ್ತಾಯಿತಲ್ಲ! ಸಿಮೆಂಟ್ ಕದಿಯದೆಯೂ ಬಿರುಕು ಬರಬಹುದು. ಬಿರುಕು ಕಂಡ ಕೂಡಲೇ ಮೇಸ್ತ್ರಿಯನ್ನು ಕಳ್ಳನೆನ್ನುವುದು ನ್ಯಾಯವಲ್ಲ.

ಬಿರುಕಿಗೂ ಒಂದು ಜನ್ಮವೇಳೆ

ಮೊದಲ ಪ್ರಶ್ನೆ: ಯಾವಾಗ ಹುಟ್ಟಿತು?

ಕಾಂಕ್ರೀಟ್ ಹಾಸಿದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ, ಅದಿನ್ನೂ ಹಸಿಯಾಗಿರುವಾಗಲೇ ಬಿರುಕು ಕಂಡರೆ ಕಾರಣ ಬಿಸಿಲು ಮತ್ತು ಗಾಳಿ. ಹಸಿ ಕಾಂಕ್ರೀಟಿನ ಮೇಲೆ ಒಂದಿಷ್ಟು ನೀರು ತೇಲಿ ಬರುತ್ತದೆ. ಬರುವ ನೀರಿಗಿಂತ ಆರಿಹೋಗುವ ನೀರು ಹೆಚ್ಚಾದರೆ ಮೇಲ್ಪದರ ಕೆರೆಯ ಕೆಸರಿನಂತೆ ಸೀಳುತ್ತದೆ. ಚದರ ಮೀಟರಿಗೆ ಗಂಟೆಗೆ ಒಂದು ಲೀಟರಿನಷ್ಟು ನೀರು ಆರುವಂತಿದ್ದರೆ ಅಪಾಯ ಖಂಡಿತ ಎನ್ನುತ್ತಾರೆ ತಜ್ಞರು. ಈ ಬಿರುಕುಗಳು ಓರೆಯಾಗಿ, ಒಂದರ ಪಕ್ಕ ಒಂದು ಸಮಾನಾಂತರವಾಗಿ ಇರುವುದುಂಟು.

ಅದೇ ಮೊದಲ ಎರಡು ಮೂರು ಗಂಟೆಯಲ್ಲಿ, ಕಬ್ಬಿಣದ ಸರಳು ಇರುವ ಸಾಲಿಗೇ ಸರಿಯಾಗಿ ಬಿರುಕು ಬಂದರೆ ಅದು ಬೇರೆ ಬಗೆ. ಹಸಿ ಕಾಂಕ್ರೀಟ್ ಕೆಳಗೆ ಕೂರುತ್ತದೆ. ಸರಳಿನ ಮೇಲಿರುವುದು ಮಾತ್ರ ಕೂರಲಾರದೆ ಎರಡು ಕಡೆಗೆ ಹರಿಯುತ್ತದೆ.

ಮರುದಿನದಿಂದ ಎರಡು ಮೂರು ವಾರದೊಳಗೆ ಬಂದರೆ ಉಷ್ಣದ ಪಾತ್ರವಿರಬಹುದು. ಸಿಮೆಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಆಮೇಲೆ ತಣಿದು ಕುಗ್ಗುತ್ತದೆ. ತೆಳುವಾದ ನೆಲದಲ್ಲಿ ಇದು ಕಡಿಮೆ, ಭಾರೀ ಗಾತ್ರದಲ್ಲಿ ಹೆಚ್ಚು. 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟನ್ನು ಕಟ್ಟಿದಾಗ ಕಾಂಕ್ರೀಟನ್ನು ತುಂಡು ತುಂಡಾಗಿ ಎರೆದು, ಒಳಗೆ ನೂರಾರು ಕಿಲೋಮೀಟರ್ ಉದ್ದದ ಕೊಳವೆ ಹುದುಗಿಸಿ, ತಣ್ಣೀರು ಹರಿಸಿ ತಂಪು ಮಾಡಿದರು.

ಕೆಲವು ವಾರ, ತಿಂಗಳುಗಳ ಮೇಲೆ ಬಂದರೆ ಅದು ಒಣಗಿ ಕುಗ್ಗಿದ ಬಿರುಕು. ಕೋಣೆಯ ನಡುವೆ ಅಡ್ಡಲಾಗಿ ಅಥವಾ ಕಂಬದ ಮೂಲೆಯಿಂದ ಹೊರಟು ಸಾಗುತ್ತದೆ. ನೆಲದ ತುಂಬ ಜೇಡರ ಬಲೆಯಂತೆ ಕೂದಲೆಳೆಯ ಗೆರೆಗಳಿದ್ದರೆ ಅದು ಮೇಲ್ಪದರದ ದೋಷವಷ್ಟೆ. ಮೇಲೆ ತೇಲಿದ ನೀರು ಆರುವ ಮೊದಲೇ ಪುಡಿ ಸಿಮೆಂಟ್ ಚೆಲ್ಲಿ ಕರಣೆಯಿಂದ ಉಜ್ಜಿದಾಗ ಹೀಗಾಗುತ್ತದೆ.

ಮಳೆಗಾಲ ಬಂದಾಗಲೋ ಬೇಸಿಗೆ ಬಂದಾಗಲೋ ಹುಟ್ಟಿ, ಒಂದು ಅಂಚು ಮೇಲೆ ಒಂದು ಅಂಚು ಕೆಳಗೆ ಆದ ಬಿರುಕಾದರೆ, ಅದರ ಬೇರು ಕಾಂಕ್ರೀಟಿನಲ್ಲಿಲ್ಲ, ಕೆಳಗಿನ ಮಣ್ಣಿನಲ್ಲಿದೆ.

ಮೂರು ಊರು, ಮೂರು ನೆಲ

ಈಗ ನಮ್ಮ ಮೂರು ಊರುಗಳಿಗೆ ಬನ್ನಿ. ಬಸ್ಸಿನಲ್ಲಿ ಕೂತರೆ ಒಂದರಿಂದ ಇನ್ನೊಂದಕ್ಕೆ ಬಹಳ ಹೊತ್ತಿನ ದಾರಿಯಲ್ಲ. ಆದರೂ ಕಾಂಕ್ರೀಟ್ ನೆಲಕ್ಕೆ ಇವು ಮೂರು ಬೇರೆ ಬೇರೆ ಪರೀಕ್ಷೆಗಳು.

ಕಡೂರು ಮಳೆ ಕಡಿಮೆ ಇರುವ ಬಯಲು. ಬೇಸಿಗೆಯ ಒಣಗಾಳಿ ತೆಂಗಿನ ಗರಿಯನ್ನು ತೂಗುವಾಗಲೇ ಹಸಿ ಕಾಂಕ್ರೀಟಿನ ನೀರನ್ನೂ ಹೀರುತ್ತದೆ. ಮೇಲೆ ಮಾಡಿಲ್ಲದ ತೆರೆದ ನೆಲಕ್ಕೆ ಮಾರ್ಚ್, ಏಪ್ರಿಲಿನ ನಡುಮಧ್ಯಾಹ್ನ ಕಾಂಕ್ರೀಟ್ ಹಾಕಿದರೆ ಸಂಜೆಯೊಳಗೆ ಬಿರುಕು ಕಾಣಬಹುದು. ಇಲ್ಲಿ ಮೊದಲ ಶತ್ರು ಗಾಳಿ. ಬೆಳಗಿನ ಜಾವ ಅಥವಾ ಇಳಿಹೊತ್ತಿನಲ್ಲಿ ಕೆಲಸ ಮಾಡುವುದು, ಕೆಳಗಿನ ಮಣ್ಣನ್ನು ಮೊದಲೇ ನೆನೆಸುವುದು, ಹಾಸಿ ಮುಗಿದೊಡನೆ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಗಾಳಿಗೆ ತಾರ್ಪಾಲಿನ ಮರೆ ಕಟ್ಟುವುದು, ಇವು ಅರ್ಧ ರೋಗವನ್ನು ತಡೆಯುತ್ತವೆ.

ತರೀಕೆರೆ ಮಲೆನಾಡಿನ ಹೊಸ್ತಿಲು. ಅಡಿಕೆ ತೋಟ, ಕೆರೆ, ಕಾಲುವೆಗಳ ಬದಿಯಲ್ಲಿ ಮಳೆಗಾಲಕ್ಕೆ ಅಂತರ್ಜಲ ಮೇಲೇರುತ್ತದೆ. ಅಂಥ ಕಡೆ ನೆಲಮಾಳಿಗೆ ತೋಡಿದರೆ ನೀರು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಇದಕ್ಕೂ ಒಂದು ಸರಳ ಲೆಕ್ಕವಿದೆ. ನಾಲ್ಕು ಇಂಚು, ಅಂದರೆ 100 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಚದರ ಮೀಟರಿಗೆ ಸುಮಾರು 240 ಕಿಲೋ ತೂಗುತ್ತದೆ. ಒಂದು ಮೀಟರ್ ಎತ್ತರದ ನೀರು ಚದರ ಮೀಟರಿಗೆ 1000 ಕಿಲೋ ಒತ್ತುತ್ತದೆ. ಹಾಗಾದರೆ ನೆಲದ ತಳಕ್ಕಿಂತ ಬರೀ 24 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು, ನೀರು ಏರಿದರೆ ಸಾಕು: ಆ ನೆಲದ ತೂಕವನ್ನೆಲ್ಲ ಅದು ಹೊತ್ತು ನಿಲ್ಲುತ್ತದೆ! ಇನ್ನೂ ಏರಿದರೆ ನೆಲ ಉಬ್ಬಿ ಬಿರಿಯುತ್ತದೆ.

ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಅಮೃತಮಹಲ್ ದನಗಳಿಗೂ ಈರುಳ್ಳಿಗೂ ಹೆಸರಾದ ಈ ಭಾಗದಲ್ಲಿ ಎರೆ ಮಣ್ಣಿನ ಹೊಲಗಳಿವೆ. ಬೇಸಿಗೆಯಲ್ಲಿ ಎರೆ ಹೊಲ ಕೈ ತೂರುವಷ್ಟು ಬಿರಿದು, ಮಳೆ ಬಂದೊಡನೆ ಮತ್ತೆ ಮುಚ್ಚಿಕೊಳ್ಳುವುದನ್ನು ಅಲ್ಲಿನ ಮಕ್ಕಳು ಕಂಡೇ ಇರುತ್ತಾರೆ. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ನುಗ್ಗಿ ಅದು ಹಿಗ್ಗುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಹೊಲವೇ ಏರಿ ಇಳಿಯುವಾಗ ಅದರ ಮೇಲೆ ಕೂತ ತೆಳುವಾದ ಕಾಂಕ್ರೀಟ್ ಏನು ಮಾಡೀತು? ಇಲ್ಲಿ ಸಿಮೆಂಟ್ ಎಷ್ಟೇ ಚೆನ್ನಾಗಿರಲಿ, ಮಣ್ಣಿಗೆ ಮದ್ದು ಮಾಡದೆ ಗತಿಯಿಲ್ಲ. ಮುಂಬಯಿಯ ಐಐಟಿಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿಯವರು 1970ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿ, ಎರೆಯ ಮೇಲೆ ಹಿಗ್ಗದ ಜಿಗುಟು ಮಣ್ಣಿನ ಪದರವನ್ನು ಹಾಕಿ ಅದುಮುವ ವಿಧಾನವನ್ನು ರೂಪಿಸಿದರು. ತಳದಲ್ಲಿ ಬಲ್ಬಿನಂತೆ ಅಗಲವಾದ ಕಂಬಗಳನ್ನು ಆಳಕ್ಕಿಳಿಸಿ ಕಟ್ಟಡವನ್ನು ನಿಲ್ಲಿಸುವ ಕ್ರಮವನ್ನು ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿತು.

ಬೆಳೆಯುತ್ತಿದೆಯೇ? ನೀವೇ ಅಳೆಯಿರಿ

ಈ ಕೆಲಸ ನಿಮ್ಮದು. ಬೇಕಾದುದು ಪೆನ್ಸಿಲ್, ಅಳತೆಪಟ್ಟಿ, ನೋಟ್‌ಪುಸ್ತಕ, ಕೆಲವು ಹಾಳೆ ಕಾಗದ.

ಮೊದಲು ಬಿರುಕಿನ ಎರಡು ತುದಿಗೂ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ. ಪ್ರತಿ ಭಾನುವಾರ ನೋಡಿ. ಬಿರುಕು ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ದಿನಾಂಕ.

ಅಗಲ ಅಳೆಯಲು ಒಂದು ಉಪಾಯ. ಸಾಧಾರಣ ಬರೆಯುವ ಕಾಗದದ ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ನಂಬಿಕೆ ಬಾರದಿದ್ದರೆ 100 ಹಾಳೆ ಒತ್ತಿ ಹಿಡಿದು ಅಳೆದು 100ರಿಂದ ಭಾಗಿಸಿ. ಬಿರುಕಿನೊಳಗೆ ಒಂದು ಹಾಳೆಯೂ ಹೋಗದಿದ್ದರೆ ಅದು ಕೂದಲೆಳೆಯ ಬಿರುಕು. ಮೂರು ಹಾಳೆ ಒಟ್ಟಿಗೆ ಹೋದರೆ ಸುಮಾರು 0.3 ಮಿಲಿಮೀಟರ್. ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಸಾಮಾನ್ಯವಾಗಿ ಇದನ್ನು ಮೀರಬಾರದೆಂದು ಐಎಸ್ 456 ಹೇಳುತ್ತದೆ.

ಬಿರುಕು ಚಲಿಸುತ್ತಿದೆಯೇ ಎಂದು ತಿಳಿಯಲು ಎಂಜಿನಿಯರುಗಳು ಅದರ ಮೇಲೆ ಅಡ್ಡಲಾಗಿ ತೆಳುಗಾಜಿನ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಬಿರುಕು ಸ್ವಲ್ಪ ಅಲುಗಿದರೂ ಗಾಜು ಒಡೆಯುತ್ತದೆ. ಗಾಜು ಬೇಕಿದ್ದರೆ ದೊಡ್ಡವರ ಕೈಯಲ್ಲಿ, ಕಾಲು ತಾಗದ ಗೋಡೆಯ ಅಂಚಿನಲ್ಲಿ ಹಾಕಿಸಿ.

ಅಳತೆಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ ಇಟ್ಟು ಎರಡು ಅಂಚೂ ಒಂದೇ ಮಟ್ಟದಲ್ಲಿವೆಯೇ ನೋಡಿ. ಕೋಲಿನಿಂದ ನೆಲವನ್ನು ಕುಟ್ಟಿ ಕೇಳಿ. ‘ಠಣ್’ ಎಂದರೆ ಕೆಳಗೆ ಗಟ್ಟಿ, ‘ಡಬ್’ ಎಂದರೆ ಟೊಳ್ಳು. ತುಂಬಿದ ಮಣ್ಣು ಕುಸಿದು ಕಾಂಕ್ರೀಟ್ ಸೇತುವೆಯಂತೆ ನಿಂತಿರಬಹುದು.

ನೆಲಮಾಳಿಗೆಯ ತೇವ ಎಲ್ಲಿಂದ ಬರುತ್ತಿದೆ? ನೆಲ ಹಾಕಿ ಕೆಲವು ವಾರ ಕಳೆದು ಅದರ ಸ್ವಂತ ನೀರು ಆರಿದ ಮೇಲೆ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಕೆಳಗೆ ಹನಿಗಳಿದ್ದರೆ ತೇವ ನೆಲದಿಂದ ಬರುತ್ತಿದೆ. ಮೇಲೆ ಮಾತ್ರ ಇದ್ದರೆ ಅದು ಗಾಳಿಯ ತೇವ. ಕಿಟಕಿ ತೆರೆದಿಟ್ಟರೆ ಸಾಕಾದೀತು.

ಯಾವ ಬಿರುಕಿಗೆ ಯಾವ ಮದ್ದು?

ಇನ್ನೂ ಹಸಿಯಾಗಿರುವಾಗಲೇ ಕಂಡ ಬಿರುಕಿಗೆ ಮದ್ದು ಸುಲಭ. ಮರದ ಹಲಗೆಯಿಂದ ಒತ್ತಿ ತಿಕ್ಕಿ ಮತ್ತೆ ಮುಚ್ಚಬೇಕು. ಮೇಲೆ ಬರೀ ಸಿಮೆಂಟ್ ಹಾಲು ಬಳಿದು ಮರೆಮಾಡಿದರೆ ಅದು ಕೆಲವೇ ದಿನಗಳಲ್ಲಿ ಸಿಪ್ಪೆಯಾಗಿ ಏಳುತ್ತದೆ.

ಗಟ್ಟಿಯಾದ ನೆಲದಲ್ಲಿ ಕೂದಲೆಳೆಯ ಬಿರುಕಿದ್ದು, ಬೆಳೆಯದೆ, ನೀರು ಜಿನುಗದೆ ಇದ್ದರೆ ಗಾಬರಿ ಬೇಡ. ತೇವವಾಗಿಟ್ಟರೆ ಅತಿ ಸಣ್ಣ ಬಿರುಕುಗಳು ಸುಣ್ಣದ ಹರಳು ಕಟ್ಟಿ ತಾವೇ ಮುಚ್ಚಿಕೊಳ್ಳುವುದೂ ಉಂಟು.

ಅದಕ್ಕಿಂತ ಅಗಲವಾಗಿದ್ದು, ಕೆಲವು ತಿಂಗಳು ನೋಡಿದರೂ ಬೆಳೆಯದೆ ನಿಂತ ಬಿರುಕನ್ನು ಶಾಶ್ವತವಾಗಿ ತುಂಬಬಹುದು. ಧೂಳು ತೆಗೆದು, ಒಣಗಿಸಿ, ತೆಳುವಾದ ಎಪಾಕ್ಸಿ ಇಳಿಸುತ್ತಾರೆ. ಅಥವಾ ಬಿರುಕನ್ನು ಅಗಲಿಸಿ ಪಾಲಿಮರ್ ಬೆರೆಸಿದ ಗಾರೆ ತುಂಬುತ್ತಾರೆ. ಅವಸರ ಮಾಡಬಾರದು. ಕುಗ್ಗುವುದು ನಿಲ್ಲುವ ಮೊದಲೇ ತುಂಬಿದರೆ ಪಕ್ಕದಲ್ಲಿ ಇನ್ನೊಂದು ಬಿರಿಯುತ್ತದೆ.

ಇನ್ನೂ ಅಲುಗುತ್ತಿರುವ ಬಿರುಕಿಗೆ ಗಟ್ಟಿ ವಸ್ತು ಕೂಡದು. ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಸಲ್ಫೈಡ್ ಅಥವಾ ಪಾಲಿಯುರೆಥೇನ್ ತುಂಬಬೇಕು. ಟೊಳ್ಳು ಬಿದ್ದು ಕುಸಿದ ನೆಲವನ್ನು ಮೇಲಿನಿಂದ ತೇಪೆ ಹಾಕಿ ಫಲವಿಲ್ಲ. ಆ ಭಾಗವನ್ನು ಕಿತ್ತು, ಗೊರಚು ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು ಮತ್ತೆ ಹಾಸಬೇಕು.

ಕೆಳಗಿನಿಂದ ನೀರು ಒತ್ತುತ್ತಿದ್ದರೆ ಮೇಲೆ ಬಳಿಯುವ ಯಾವ ಲೇಪವೂ ಬಹುದಿನ ನಿಲ್ಲದು. ನೀರಿಗೆ ದಾರಿ ಮಾಡಿಕೊಡಬೇಕು: ಸುತ್ತ ಬಸಿಗಾಲುವೆ, ಗುಂಡಿ, ಪಂಪು. ಬಿರುಕು ಗೋಡೆಗೆ ಏರಿದ್ದರೆ, ಕಂಬ ತೊಲೆಗಳಲ್ಲಿ ಕಂಡರೆ, ಒಂದು ಅಂಚು ಕೆಳಗಿಳಿದಿದ್ದರೆ, ವಾರವಾರಕ್ಕೂ ಅಗಲವಾಗುತ್ತಿದ್ದರೆ ತಡಮಾಡದೆ ಸಿವಿಲ್ ಎಂಜಿನಿಯರರನ್ನು ಕರೆಸಬೇಕು. ಟೈಲ್ಸ್ ಹಾಕಿ ಮುಚ್ಚಿಬಿಡೋಣ ಎಂಬ ಮಾತು ಬಂದರೆ ಬೇಡವೆನ್ನಿ. ಸಾಕ್ಷಿಯನ್ನು ಹೂತಂತಾಗುತ್ತದೆ. ಅಲುಗುವ ನೆಲದ ಮೇಲೆ ಟೈಲ್ಸೂ ಒಡೆಯುತ್ತದೆ.

ಒಳಗೆ ಕಡಿಮೆ, ಹೊರಗೆ ಹೆಚ್ಚು

ಬಿರುಕನ್ನು ತಡೆಯುವ ಗುಟ್ಟು ಬಹುಪಾಲು ನೀರಿನಲ್ಲಿದೆ: ಕಲಸುವಾಗ ಒಳಗೆ ಕಡಿಮೆ ನೀರು, ಗಟ್ಟಿಯಾದ ಮೇಲೆ ಹೊರಗೆ ಹೆಚ್ಚು ನೀರು. ನಮ್ಮಲ್ಲಿ ಅನೇಕ ಕಡೆ ಇದು ತಿರುಗುಮುರುಗಾಗಿದೆ.

ಐಎಸ್ 456ರ ಪ್ರಕಾರ ಸಾದಾ ಪೋರ್ಟ್‌ಲೆಂಡ್ ಸಿಮೆಂಟಿಗೆ ಕನಿಷ್ಠ 7 ದಿನ ಬಿಡದೆ ತೇವ ಬೇಕು. ಒಣ ಬಿಸಿ ಹವೆಯಲ್ಲಿ ಅಥವಾ ಹಾರುಬೂದಿ, ಕಿಟ್ಟ ಬೆರೆತ ಸಿಮೆಂಟ್ ಬಳಸಿದಾಗ ಕನಿಷ್ಠ 10 ದಿನ. ಬೆರಕೆ ಸಿಮೆಂಟಿಗೆ 14 ದಿನಕ್ಕೆ ಮುಂದುವರಿಸಿದರೆ ಇನ್ನೂ ಒಳ್ಳೆಯದು. ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಅದು ಬೆರಕೆಯ ಬಗೆಯೇ. ಬೆಳಿಗ್ಗೆ ಸಂಜೆ ಒಂದೊಂದು ಕೊಡ ಎರಚುವುದು ನೀರುಣಿಸಿದಂತಲ್ಲ. ಗದ್ದೆಗೆ ಬದು ಕಟ್ಟಿದಂತೆ ಗಾರೆಯ ಸಣ್ಣ ಮಡಿ ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಗೋಣಿಚೀಲ ಹಾಸಿ ಸದಾ ಒದ್ದೆಯಾಗಿಡಿ.

ಎರಡನೆಯ ಗುಟ್ಟು ಸಂದು. ಬಿರಿಯುವುದು ಹೇಗೂ ತಪ್ಪದಿದ್ದರೆ, ನಾವು ಹೇಳಿದ ಜಾಗದಲ್ಲೇ ಬಿರಿಯಲಿ! ನಿಮ್ಮ ಊರಿನ ಕಾಂಕ್ರೀಟ್ ರಸ್ತೆಯಲ್ಲಿ ಅಡ್ಡಲಾಗಿ ಕೊಯ್ದ ಗೆರೆಗಳನ್ನು ನೋಡಿದ್ದೀರಲ್ಲ? ಅದೇ ತತ್ತ್ವ. 100 ಮಿಲಿಮೀಟರ್ ದಪ್ಪದ ನೆಲಕ್ಕೆ ಸುಮಾರು ಮೂರು ಮೀಟರಿಗೊಂದರಂತೆ, ದಪ್ಪದ ಕಾಲುಭಾಗ, ಅಂದರೆ 25 ಮಿಲಿಮೀಟರ್ ಆಳಕ್ಕೆ ಕೊಯ್ಯಬೇಕು. ಕೊಯ್ದರೆ ಜಲ್ಲಿ ಕಿತ್ತು ಬಾರದಷ್ಟು ಗಟ್ಟಿಯಾದೊಡನೆ, ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನವೇ, ಈ ಕೆಲಸ ಆಗಬೇಕು. ಕಂಬ, ಗೋಡೆಗಳಿಗೆ ನೆಲ ಅಂಟದಂತೆ ನಡುವೆ ಮೆತ್ತನೆಯ ಪಟ್ಟಿ ಇಡಬೇಕು. ಕಬ್ಬಿಣದ ಜಾಲರಿ ಬಿರುಕನ್ನು ತಡೆಯುವುದಿಲ್ಲ, ಅಗಲವಾಗದಂತೆ ಹಿಡಿಯುತ್ತದೆ. ಅಂತರ್ಜಲವಿರುವ ನೆಲಮಾಳಿಗೆಗೆ ಮಾತ್ರ ಈ ಸಂದುಗಳೇ ನೀರಿನ ದಾರಿಯಾಗಬಾರದು. ಅಲ್ಲಿ ಮೊದಲಿನಿಂದಲೇ ಎಂಜಿನಿಯರರ ನಕ್ಷೆ ಬೇಕು.

ಒಂದು ಎಚ್ಚರಿಕೆ: ಹಸಿ ಸಿಮೆಂಟ್ ಪ್ರಬಲ ಕ್ಷಾರ. ಬರಿಗಾಲಿನಲ್ಲಿ ತುಳಿದರೆ ಚರ್ಮ ಸುಡುತ್ತದೆ. ಕೆಲಸ ಮಾಡುವವರಿಗೆ ಗಮ್‌ಬೂಟು, ಕೈಗವಸು ಕೊಡಿಸುವಂತೆ ಮನೆಯಲ್ಲಿ ಹೇಳಿ.

ಈಗ ಮತ್ತೆ ನಿಮ್ಮ ಮನೆಯ ಜಗಳಕ್ಕೆ ಬರೋಣ. ನಿಮ್ಮ ನೋಟ್‌ಪುಸ್ತಕದಲ್ಲಿ ಕಾಂಕ್ರೀಟ್ ಹಾಕಿದ ದಿನ, ಗಂಟೆ, ಅಂದಿನ ಬಿಸಿಲು, ಚೀಲಕ್ಕೆ ಹಾಕಿದ ನೀರು, ನೀರುಣಿಸಿದ ದಿನಗಳು, ಬಿರುಕು ಕಂಡ ಹೊತ್ತು, ವಾರವಾರದ ಅಗಲ ಎಲ್ಲವೂ ಇವೆ ಎಂದುಕೊಳ್ಳಿ. ಅದನ್ನು ಅಪ್ಪನ ಮುಂದೆಯೂ ಮೇಸ್ತ್ರಿಯ ಮುಂದೆಯೂ ಇಡಿ. ತಪ್ಪು ಕಲಸಿದವರದೋ, ನೀರುಣಿಸದವರದೋ, ಕೆಳಗಿನ ಎರೆ ಮಣ್ಣಿನದೋ ಎಂಬುದು ಕೂಗಾಟವಿಲ್ಲದೆ ತೀರ್ಮಾನವಾಗುತ್ತದೆ. ದುಡಿದವರ ಕೂಲಿ ಸುಮ್ಮನೆ ನಿಲ್ಲುವುದಿಲ್ಲ, ಸಾಲದ ಹಣ ತಪ್ಪು ಮದ್ದಿಗೆ ಸುರಿದು ಹೋಗುವುದಿಲ್ಲ. ಇಂದೇ ನಿಮ್ಮ ಶಾಲೆಯ ಜಗಲಿಯಲ್ಲೋ ಮನೆಯ ಕಣದಲ್ಲೋ ಒಂದು ಬಿರುಕನ್ನು ಹುಡುಕಿ, ತುದಿಗೆ ಗೆರೆ ಎಳೆದು ದಿನಾಂಕ ಬರೆಯಿರಿ.